ಅಬ್ಬಿಯ ಫೋಟೊ ಚೆನ್ನಾಗಿ ಬರಬೇಕಾ? ಸಾಗರ, ಹೊಸನಗರ, ತೀರ್ಥಹಳ್ಳಿಯ ಜಲಪಾತಗಳಿಗೆ ಮಳೆ, ಮೋಡ, ಡ್ಯಾಂ ಮತ್ತು ಬೆಳಕಿನ ಲೆಕ್ಕ

ಸಾಗರ/ಹೊಸನಗರ/ತೀರ್ಥಹಳ್ಳಿ: ಏಪ್ರಿಲ್ ತಿಂಗಳ ಯಾವುದಾದರೂ ಭಾನುವಾರ ಜೋಗದ ವೀಕ್ಷಣಾ ಸ್ಥಳದ ಹತ್ತಿರ ಹತ್ತು ನಿಮಿಷ ನಿಂತರೆ ಒಂದೇ ಪ್ರಶ್ನೆ ನಾಲ್ಕಾರು ಭಾಷೆಯಲ್ಲಿ ಕಿವಿಗೆ ಬೀಳುತ್ತದೆ: ‘ನೀರೆಲ್ಲಿ?’ ಬಂದವರ ಮೊಬೈಲ್‌ನಲ್ಲಿ ಆಗಸ್ಟ್ ತಿಂಗಳ ಫೋಟೊ ಇರುತ್ತದೆ, ಎದುರಿಗೆ ಕಪ್ಪು ಬಂಡೆ ಇರುತ್ತದೆ. ಸಿಟ್ಟು ಹೋಗಿ ಬೀಳುವುದು ಮಂಡಕ್ಕಿ ಮಾರುವವನ ಮೇಲೆ, ಹೋಮ್‌ಸ್ಟೇ ಮಾಲೀಕರ ಮೇಲೆ, ಟ್ಯಾಕ್ಸಿಯವರ ಮೇಲೆ. ಅದೇ ಜುಲೈನಲ್ಲಿ ನೀರಿಗೆ ಬರವಿಲ್ಲ. ಆದರೆ ಆಗ ತೆಗೆದ ಫೋಟೊದಲ್ಲಿ ನೀರು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ಕಾಡು ಇದ್ದಿಲಿನ ಹಾಗೆ ಕಪ್ಪಗೆ. ‘ಕಣ್ಣಿಗೆ ಕಂಡಿದ್ದು ಮೊಬೈಲ್‌ನಲ್ಲಿ ಬರಲ್ಲ’ ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ.

ಬರುತ್ತದೆ. ಅದಕ್ಕೆ ದುಬಾರಿ ಕ್ಯಾಮೆರಾ ಬೇಕೇಬೇಕು ಅಂತೇನೂ ಇಲ್ಲ. ಯಾವ ಅಬ್ಬಿಗೆ ಯಾವ ತಿಂಗಳು, ಯಾವ ಹೊತ್ತು, ಎಂಥ ಆಕಾಶ ಅನ್ನುವುದು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಮೂರೂ ತಾಲೂಕಿನ ಹವ್ಯಾಸಿಗಳು, ಸ್ಟುಡಿಯೊದವರು, ಹೋಮ್‌ಸ್ಟೇ ಮತ್ತು ಅಂಗಡಿಯವರಿಗೆ ಬೇಕಾಗುವ ಮಾಹಿತಿ ಇಲ್ಲಿದೆ.

ಮೋಡ ಕವಿದ ದಿನವೇ ಒಳ್ಳೆಯ ದಿನ

ಬಿಸಿಲು ಬಿದ್ದರೆ ಫೋಟೊ ಚೆನ್ನಾಗಿ ಬರುತ್ತದೆ ಅನ್ನುವುದು ಮದುವೆ ಮನೆಯ ಅಂಗಳಕ್ಕೂ ಪೂರ್ತಿ ನಿಜವಲ್ಲ, ಜಲಪಾತಕ್ಕಂತೂ ಉಲ್ಟಾ. ನೊರೆ ನೀರು ಬಿಳಿ, ಒದ್ದೆ ಬಂಡೆ ಕಪ್ಪು, ಸುತ್ತಲಿನ ಕಾಡು ಕಡು ಹಸಿರು. ಇವುಗಳ ನಡುವಿನ ಬೆಳಕಿನ ಅಂತರ ಮೊದಲೇ ಜಾಸ್ತಿ. ಮಧ್ಯಾಹ್ನದ ಬಿಸಿಲು ಬಿದ್ದರೆ ಅದು ಇನ್ನೂ ಹೆಚ್ಚಾಗಿ ಕ್ಯಾಮೆರಾದ ಕೈ ಮೀರುತ್ತದೆ. ಮೋಡ ಕವಿದಾಗ ಇಡೀ ಆಕಾಶವೇ ಒಂದು ದೊಡ್ಡ ದೀಪದಂತಾಗಿ ಎಲ್ಲ ಕಡೆಯಿಂದಲೂ ಸಮನಾಗಿ ಬೆಳಕು ಬೀಳುತ್ತದೆ. ನೆರಳು ಮೆತ್ತಗಾಗುತ್ತದೆ, ನೀರಿನ ಎಳೆ ಎಳೆ ಉಳಿಯುತ್ತದೆ, ಪಾಚಿಯ ಬಣ್ಣ ಎದ್ದು ಬರುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಮೋಡ ಕವಿದಿರುವ ಮಲೆನಾಡಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಒಂದು ಎಚ್ಚರಿಕೆ. ಮೋಡದ ದಿನ ಆಕಾಶ ಬರೀ ಬಿಳಿ. ಅದನ್ನು ಚೌಕಟ್ಟಿನೊಳಗೆ ಸೇರಿಸಿಕೊಂಡರೆ ಫೋಟೊದ ಮೇಲ್ಭಾಗ ಖಾಲಿ ಕಾಗದದಂತೆ ಕಾಣುತ್ತದೆ. ಅಂಥ ದಿನ ಆಕಾಶವನ್ನು ಬಿಟ್ಟು, ಮರದ ಸಾಲಿನಿಂದ ಕೆಳಗೆ ಮಾತ್ರ ತೆಗೆಯುವುದು ವಾಸಿ.

ಬಿಸಿಲಿನ ದಿನವೇ ಹೋಗಬೇಕಾಗಿ ಬಂದರೆ ಸೂರ್ಯ ಎದ್ದ ಮೊದಲ ಒಂದು ಗಂಟೆ, ಇಳಿಯುವ ಮುಂಚಿನ ಒಂದು ಗಂಟೆ ನೋಡಿಕೊಳ್ಳಬೇಕು. ಈ ಭಾಗದಲ್ಲಿ ಜೂನ್‌ನಲ್ಲಿ ಬೆಳಿಗ್ಗೆ 6ರ ಆಸುಪಾಸು ಸೂರ್ಯೋದಯ, ಸಂಜೆ 7ರ ಆಸುಪಾಸು ಸೂರ್ಯಾಸ್ತ. ಡಿಸೆಂಬರ್‌ನಲ್ಲಿ 6.45 ದಾಟಿದ ಮೇಲೆ ಹುಟ್ಟಿ 6.10ಕ್ಕೆಲ್ಲ ಮುಳುಗುತ್ತದೆ. ಇನ್ನೊಂದು ವಿಷಯ ಬಹಳ ಜನ ಗಮನಿಸಿರುವುದಿಲ್ಲ. ಸಾಗರ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಅಬ್ಬಿಗೆ ದಿನವಿಡೀ ಬಿಸಿಲು, ಉತ್ತರಕ್ಕೆ ಮುಖ ಮಾಡಿದ್ದಕ್ಕೆ ದಿನವಿಡೀ ನೆರಳು. ಹೋಗುವ ಮುಂಚೆ ಮೊಬೈಲ್‌ನ ದಿಕ್ಸೂಚಿ ನೋಡಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಯಾವ ಮಳೆಗೆ ಯಾವ ನೀರು

ಊರಿನವರು ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾರೆ. ಫೋಟೊಗೂ ಅದೇ ಲೆಕ್ಕ ಸರಿಹೋಗುತ್ತದೆ. ಜೂನ್ 20ರ ನಂತರ ಕೂರುವ ಆರಿದ್ರಾ ಮಳೆಯಲ್ಲಿ ಸಣ್ಣ ಅಬ್ಬಿಗಳು ಎದ್ದೇಳುತ್ತವೆ, ಆದರೆ ಮೊದಲ ನೀರು ಕೆಂಪು, ಮಣ್ಣು ಕಲೆಸಿದ್ದು. ಜುಲೈನ ಪುನರ್ವಸು, ಪುಷ್ಯದಲ್ಲಿ ನೀರು ಜೋರು, ಬೆಳಕು ಕಡಿಮೆ, ಮಂಜು ವಿಪರೀತ. ಎದುರಿಗೆ ಜಲಪಾತ ಇದೆ ಅನ್ನುವುದು ಸದ್ದಿನಿಂದಷ್ಟೇ ಗೊತ್ತಾಗುವ ದಿನಗಳು. ಆಗಸ್ಟ್‌ನ ಆಶ್ಲೇಷ, ಮಘೆ ದಾಟಿ ಹುಬ್ಬೆ, ಉತ್ತರೆ ಬರುವಾಗ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ, ನೀರೂ ಇರುತ್ತದೆ, ಅದರ ಕೆಂಪೂ ಇಳಿದಿರುತ್ತದೆ, ನಡುನಡುವೆ ಹೊಳವೂ ಸಿಗುತ್ತದೆ. ಫೋಟೊಗೆ ಇದೇ ಸುಗ್ಗಿ. ಹಸ್ತ, ಚಿತ್ತದ ಹೊತ್ತಿಗೆ, ಅಂದರೆ ಅಕ್ಟೋಬರ್‌ನಲ್ಲಿ, ಕಾಡಿನ ಸಣ್ಣ ಅಬ್ಬಿಗಳು ನೂಲಿನಂತೆ ಇಳಿಯುತ್ತವೆ. ಹತ್ತಿರದಿಂದ ತೆಗೆಯುವವರಿಗೆ ಅದೂ ಚೆಂದವೇ.

ಆದರೆ ದೊಡ್ಡ ಜಲಪಾತಗಳಿಗೆ ನಕ್ಷತ್ರದ ಲೆಕ್ಕ ಸಾಲದು, ಡ್ಯಾಂ ಲೆಕ್ಕವೂ ಬೇಕು. ಜೋಗ ಮತ್ತು ಕುಂಚಿಕಲ್ ಎರಡರ ತಲೆಯ ಮೇಲೂ ಅಣೆಕಟ್ಟು ಇದೆ.

ಜೋಗ: ಗೇಟ್ ಸುದ್ದಿ ನೋಡಿ ಹೊರಡುವುದು

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಸಾಗರದಿಂದ ಸುಮಾರು 30 ಕಿ.ಮೀ. ದೂರದ ಜೋಗದಲ್ಲಿ 253 ಮೀಟರ್, ಅಂದರೆ 830 ಅಡಿ ಕೆಳಕ್ಕೆ ಬೀಳುತ್ತಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಆ ನೀರಿನ ಬಹುಪಾಲು ತಳಕಳಲೆಯ ಕಡೆಗೆ ಹೋಗಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಜೋಗದ ದಾರಿಗೆ ಅದು ಬರುವುದೇ ಇಲ್ಲ. ಬೇಸಿಗೆಯ ಕಪ್ಪು ಬಂಡೆಗೆ ಕಾರಣ ಇದು. ಮಳೆಗಾಲದಲ್ಲಿ ಡ್ಯಾಂ ಕೆಳಗಿನ ಹಳ್ಳಕೊಳ್ಳಗಳ ನೀರಿನಿಂದಲೇ ನಾಲ್ಕೂ ಕವಲು ತುಂಬಿಕೊಳ್ಳುತ್ತವೆ. ಜಲಾಶಯ ಗರಿಷ್ಠ ಮಟ್ಟವಾದ 1819 ಅಡಿಯ ಹತ್ತಿರ ಬಂದು ಗೇಟ್ ತೆಗೆದರೆ ಮಾತ್ರ ಆ ಭೋರ್ಗರೆತದ ಜೋಗ ಕಾಣುವುದು. ಕೆಲವು ವರ್ಷ ಅದು ಆಗುವುದೇ ಇಲ್ಲ. ಹಾಗಾಗಿ ದಿನಾ ಬರುವ ಲಿಂಗನಮಕ್ಕಿ ನೀರಿನ ಮಟ್ಟದ ಸುದ್ದಿ ಫೋಟೊ ತೆಗೆಯುವವರಿಗೂ ಹವಾಮಾನ ವರದಿಯಷ್ಟೇ ಮುಖ್ಯ.

ಗೇಟ್ ತೆಗೆದ ದಿನವೇ ಹೋಗಬೇಕು ಅಂತಿಲ್ಲ. ಆ ದಿನ ಜನಸಾಗರ, ಜೊತೆಗೆ ನೀರು ಒಂದೇ ಪರದೆಯಾಗಿ ನಾಲ್ಕು ಕವಲಿನ ಗುರುತೇ ಸಿಗುವುದಿಲ್ಲ. ಜೋಗದ ಮುಖ ಗೊತ್ತಾಗುವುದು ಮಧ್ಯಮ ನೀರಿನಲ್ಲಿ. ರಾಜ ಎಲ್ಲೂ ತಡೆಯಿಲ್ಲದೆ ಕಂಬದಂತೆ ನೇರ ಇಳಿಯುತ್ತಾನೆ, ಪಕ್ಕದ ರೋರರ್ ಅಬ್ಬರಿಸಿ ಅವನ ಕಡೆಗೇ ನುಗ್ಗುತ್ತದೆ, ರಾಕೆಟ್ ಬಾಣ ಬಿಟ್ಟ ಹಾಗೆ ಚಿಮ್ಮಿ ಚಿಮ್ಮಿ ಬೀಳುತ್ತದೆ, ರಾಣಿ ಬಂಡೆಗೆ ಅಂಟಿಕೊಂಡು ನೊರೆಯಾಗಿ ಜಾರುತ್ತಾಳೆ. ನಾಲ್ಕರ ಗುಣವೂ ಬೇರೆ ಬೇರೆ, ಹಾಗಾಗಿ ಒಂದೇ ಸೆಟ್ಟಿಂಗ್ ನಾಲ್ಕಕ್ಕೂ ಹೊಂದಲ್ಲ. ರಾಕೆಟ್‌ನ ಬಾಣಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ಶಟರ್ ವೇಗ 1/500 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕು. ರಾಣಿ ರೇಷ್ಮೆಯಂತೆ ಬರಬೇಕಾದರೆ ಅರ್ಧ, ಒಂದು ಸೆಕೆಂಡ್. ರಾಜನನ್ನು ಉದ್ದ ಎಕ್ಸ್‌ಪೋಷರ್‌ನಲ್ಲಿ ತೆಗೆದರೆ ಆ ಬೀಳುವ ರಭಸವೇ ಹೋಗಿ ಬಿಳಿ ಪಂಚೆ ನೇತುಹಾಕಿದಂತೆ ಕಾಣುತ್ತದೆ. ಈಚೆಗೆ ಎಲ್ಲ ಜಲಪಾತವನ್ನೂ ಹಾಲಿನಂತೆ ಮಾಡುವ ಚಾಳಿ ಶುರುವಾಗಿದೆ. ಜೋಗಕ್ಕೆ ಅದು ಒಪ್ಪುವುದು ಕಡಿಮೆ.

ಜೋಗದಲ್ಲಿ ಮಂಜಿನ ಆಟ ಎಲ್ಲರಿಗೂ ಗೊತ್ತು. ಬಂದವರು ಕಾಲು ಗಂಟೆ ಕಾದು, ಬೈದುಕೊಂಡು ಕಾರು ಹತ್ತುತ್ತಾರೆ. ಅವರು ಹೊರಟ ಐದು ನಿಮಿಷಕ್ಕೆ ಗಾಳಿ ತಿರುಗಿ ಪರದೆ ಸರಿಯುತ್ತದೆ. ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಂಡು ಹೋಗಬೇಕು. ಬಿಸಿ ಜೋಳ, ಚಹಾ ಹೇಗೂ ಸಿಗುತ್ತದೆ. ಮಂಜಿನಲ್ಲಿ ಕ್ಯಾಮೆರಾದ ಆಟೊಫೋಕಸ್ ಹಿಡಿಯಲು ಏನೂ ಸಿಗದೆ ಹಿಂದೆ ಮುಂದೆ ಓಡುತ್ತಿರುತ್ತದೆ. ತೆರವಾದ ಕ್ಷಣದಲ್ಲಿ ಬಂಡೆಯ ಅಂಚಿಗೆ ಫೋಕಸ್ ಮಾಡಿ ಲಾಕ್ ಹಾಕಿಟ್ಟುಕೊಂಡರೆ ಮುಂದಿನ ಸಲ ಪರದೆ ಸರಿದಾಗ ಒತ್ತುವುದೊಂದೇ ಕೆಲಸ. ಅರ್ಧ ಮಂಜು, ಅರ್ಧ ನೀರು ಇರುವ ಆ ನಾಲ್ಕೈದು ಸೆಕೆಂಡ್ ಇದೆಯಲ್ಲ, ಸ್ವಚ್ಛ ಆಕಾಶದ ಫೋಟೊಗಿಂತ ಅದೇ ಹೆಚ್ಚು ಜೋಗದಂತಿರುತ್ತದೆ.

ಕಾಮನಬಿಲ್ಲು ಬೇಕು ಅನ್ನುವವರಿಗೆ ಅದೃಷ್ಟಕ್ಕಿಂತ ಲೆಕ್ಕ ಮುಖ್ಯ. ಸೂರ್ಯ ಬೆನ್ನ ಹಿಂದೆ ಇರಬೇಕು, ಹನಿಗಳು ಎದುರಿಗೆ ಇರಬೇಕು. ನಿಂತವರ ತಲೆಯ ನೆರಳು ಯಾವ ದಿಕ್ಕಿಗೆ ಬೀಳುತ್ತದೋ ಆ ಬಿಂದುವಿನಿಂದ 42 ಡಿಗ್ರಿ ಸುತ್ತಳತೆಯಲ್ಲಿ ಬಿಲ್ಲು ಕಾಣುತ್ತದೆ. ಕೈ ಪೂರ್ತಿ ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಸುಮಾರು 20 ಡಿಗ್ರಿ, ಅಂದರೆ ನೆರಳಿನಿಂದ ಎರಡು ಗೇಣು. ಅಲ್ಲಿ ನೀರಿನ ತುಂತುರು ಇದ್ದರೆ ಬಿಲ್ಲು ಗ್ಯಾರಂಟಿ. ಸಪಾಟು ಜಾಗದಲ್ಲಿ ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲು ಕಾಣಲ್ಲ. ಆದರೆ ಜೋಗದಲ್ಲಿ ನೋಡುವುದು ಮೇಲಿನಿಂದ ಕಮರಿಯ ಒಳಕ್ಕೆ. ಆದ್ದರಿಂದ ಸೂರ್ಯ ಇನ್ನೂ ಮೇಲಿದ್ದರೂ ಕೆಳಗಿನ ತುಂತುರಿನಲ್ಲಿ ಬಿಲ್ಲು ಮೂಡುತ್ತದೆ. ಪೋಲರೈಸರ್ ಫಿಲ್ಟರ್ ಹಾಕಿದ್ದವರು ಹುಷಾರಾಗಿರಬೇಕು: ತಪ್ಪು ಕಡೆಗೆ ತಿರುಗಿಸಿದರೆ ಬಿಲ್ಲು ಮಾಯವಾಗುತ್ತದೆ, ಸರಿಯಾಗಿ ತಿರುಗಿಸಿದರೆ ಇನ್ನೂ ಗಾಢವಾಗುತ್ತದೆ.

ಎದುರು ದಡದ ಬ್ರಿಟಿಷ್ ಬಂಗಲೆಯ ಕಡೆಯಿಂದ ಕಾಣುವ ಜೋಗವೇ ಬೇರೆ, ಅಲ್ಲಿ ರಾಜನ ನೆತ್ತಿ ಹತ್ತಿರ. 1992ರ ‘ಜೀವನ ಚೈತ್ರ’, 2006ರ ‘ಮುಂಗಾರು ಮಳೆ’ ನೋಡಿದವರಿಗೆಲ್ಲ ತಾವೂ ಅಂಥದ್ದೇ ಕೋನದಿಂದ ತೆಗೆಯಬೇಕು ಅನ್ನಿಸುವುದು ಸಹಜ. ಸಿನಿಮಾದವರ ಹಿಂದೆ ಕ್ರೇನು, ಹಗ್ಗ, ಅನುಮತಿ ಪತ್ರ, ಹತ್ತಾರು ಜನ ಇರುತ್ತಾರೆ ಅನ್ನುವುದು ಪರದೆಯಲ್ಲಿ ಕಾಣುವುದಿಲ್ಲ, ಅಷ್ಟೆ.

ಸಾಗರ ತಾಲೂಕಿನ ಇನ್ನೊಂದು ದೊಡ್ಡ ಹೆಸರು ದಬ್ಬೆ. ಕಾರ್ಗಲ್‌ನಿಂದ ಭಟ್ಕಳಕ್ಕೆ ಹೋಗುವ ದಾರಿಯ ಹೊಸಗದ್ದೆಯಿಂದ ಒಳಗೆ ನಡೆಯಬೇಕು. ಇದು ಶರಾವತಿ ಕಣಿವೆ ಅಭಯಾರಣ್ಯದ ಸೀಮೆ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಹೋಗುವ ಹಾಗಿಲ್ಲ, ಮಳೆಗಾಲದಲ್ಲಿ ಕೇಳುವ ಪ್ರಶ್ನೆಯೇ ಇಲ್ಲ.

ಹೊಸನಗರ: ಎತ್ತರ ಹೆಚ್ಚು, ದಾರಿ ಕಡಿಮೆ

ಮಾಸ್ತಿಕಟ್ಟೆ ಹತ್ತಿರದ ನಿಡಗೋಡಿನಲ್ಲಿ ವಾರಾಹಿ ನದಿ ಮೆಟ್ಟಿಲು ಮೆಟ್ಟಿಲಾಗಿ 455 ಮೀಟರ್ ಇಳಿಯುತ್ತದೆ. ಅದೇ ಕುಂಚಿಕಲ್. ದೇಶದ ಅತಿ ಎತ್ತರದ ಜಲಪಾತಗಳ ಪಟ್ಟಿಯಲ್ಲಿ ಇದರ ಹೆಸರು ಮೇಲೇ ಇರುತ್ತದೆ, ಆದರೆ ನೋಡಿದವರು ತಾಲೂಕಿನಲ್ಲೇ ಕಡಿಮೆ. ಮಾಣಿ ಅಣೆಕಟ್ಟು ಮತ್ತು ಹೊಸಂಗಡಿಯ ನೆಲದಡಿಯ ವಾರಾಹಿ ವಿದ್ಯುದಾಗಾರ ಬಂದ ಮೇಲೆ ನೀರು ಅತ್ತ ಹೋಯಿತು, ಈಗ ಮಳೆಗಾಲದಲ್ಲಿ ಮಾತ್ರ ಅಬ್ಬಿಗೆ ಜೀವ. ಯೋಜನೆಯ ಪ್ರದೇಶವಾದ್ದರಿಂದ ಒಳಗೆ ಹೋಗಲು ಪಾಸ್ ಬೇಕು. ಇಂಟರ್‌ನೆಟ್‌ನಲ್ಲಿ ಕುಂಚಿಕಲ್ ಅಂತ ಹುಡುಕಿದರೆ ಸಿಗುವ ಫೋಟೊಗಳಲ್ಲಿ ಬೇರೆ ಜಲಪಾತದ್ದೇ ಎಷ್ಟೋ ಇವೆ. ಅದನ್ನೇ ಬೋರ್ಡಿಗೆ ಹಾಕಿಸಿಕೊಂಡವರೂ ಇದ್ದಾರೆ.

ಕೊಡಚಾದ್ರಿ ಬುಡದ ಹಿಡ್ಲುಮನೆ ಅಬ್ಬಿ ಇನ್ನೊಂದು ರೀತಿ. ಕಾಡಿನ ಒಳಗೆ, ಮರದ ಚಾವಣಿಯ ಕೆಳಗೆ, ಹಂತ ಹಂತವಾಗಿ ಬೀಳುವ ನೀರು. ಇಲ್ಲಿ ಮಧ್ಯಾಹ್ನವೂ ಮುಸ್ಸಂಜೆಯ ಬೆಳಕು. ಬಿಸಿಲಿದ್ದ ದಿನ ಎಲೆಗಳ ಸಂದಿನಿಂದ ಬಿಸಿಲಿನ ತುಂಡುಗಳು ನೀರಿನ ಮೇಲೆ ಬಿದ್ದು ಚುಕ್ಕೆ ಚುಕ್ಕೆಯಾಗಿ ಫೋಟೊ ಹಾಳಾಗುತ್ತದೆ. ಮೋಡ ಬಂದು ಮರೆಯಾಗುವವರೆಗೆ ಕಾಯುವುದೊಂದೇ ಉಪಾಯ. ಕಾಡೊಳಗಿನ ಬೆಳಕು ಎಲೆಗಳ ಮೂಲಕ ಸೋಸಿ ಬರುವುದರಿಂದ ಚರ್ಮದ ಬಣ್ಣ ಹಸಿರು ತಿರುಗುತ್ತದೆ. ಅಲ್ಲಿ ನಿಂತವರ ಫೋಟೊ ತೆಗೆಯುವಾಗ ವೈಟ್ ಬ್ಯಾಲೆನ್ಸ್ ಅನ್ನು ‘ಕ್ಲೌಡಿ’ ಅಥವಾ ‘ಶೇಡ್’ಗೆ ಇಟ್ಟರೆ ಸ್ವಲ್ಪ ಬೆಚ್ಚಗಾಗುತ್ತದೆ, ಉಳಿದದ್ದನ್ನು ಎಡಿಟಿಂಗ್‌ನಲ್ಲಿ ಸರಿಮಾಡಬಹುದು.

ತೀರ್ಥಹಳ್ಳಿ: ಆಗುಂಬೆಯ ಅಬ್ಬಿಗಳು

ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಮಳೆಯ ಆಗುಂಬೆಯಲ್ಲಿ ಕ್ಯಾಮೆರಾ ಹೊರಗೆ ತೆಗೆಯುವುದೇ ಧೈರ್ಯದ ಕೆಲಸ. ಊರಿನಿಂದ ಮೂರ್ನಾಲ್ಕು ಕಿ.ಮೀ. ದೂರದ ಜೋಗಿಗುಂಡಿ ಚಿಕ್ಕದು, ತಲುಪಲು ಸುಲಭ, ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಒನಕೆ ಅಬ್ಬಿಗೆ ಸುಮಾರು ಐದು ಕಿ.ಮೀ.; ನಡೆದು ಹೋದವರು ತಲುಪುವುದು ಅಬ್ಬಿಯ ನೆತ್ತಿಗೆ. ಅಲ್ಲಿಂದ ಘಟ್ಟದ ಕೆಳಗಿನ ಸೀಮೆ ಕಾಣುತ್ತದೆಯೇ ಹೊರತು ಒನಕೆಯಂತೆ ಬೀಳುವ ನೀರು ಪೂರ್ತಿ ಕಾಣುವುದಿಲ್ಲ. ಬಗ್ಗಿ ತೆಗೆಯಲು ಹೋಗುವವರೇ ಹೆಚ್ಚು, ಅದೇ ಅಪಾಯ. ಸೀತಾ ನದಿಯ ಬರ್ಕಣ ಸುಮಾರು 259 ಮೀಟರ್, ನೋಡುವುದು ದೂರದಿಂದ. ಅಲ್ಲಿಗೆ ಜೂಮ್ ಲೆನ್ಸ್ ಇದ್ದರೆ ಅನುಕೂಲ. ಘಟ್ಟದ ಪಶ್ಚಿಮದ ಮುಖಕ್ಕೆ ಬೀಳುವ ನೀರಿಗೆ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ, ಗುಡ್ಡವೇ ಅಡ್ಡ. ಅಂಥ ಕಡೆ ಬೆಳಿಗ್ಗೆ ಸಮನಾದ ನೆರಳು, ಮಧ್ಯಾಹ್ನದ ನಂತರ ನೇರ ಬಿಸಿಲು ಅಂತ ಲೆಕ್ಕ ಹಾಕಿಕೊಂಡು ಹೊರಡಬೇಕು. ಇವಕ್ಕೆಲ್ಲ ಹೊರಡುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕಡ್ಡಾಯ.

ಅರಳಸುರಳಿ ಹತ್ತಿರದ ಅಚ್ಚಕನ್ಯೆ ಅಬ್ಬಿಯ ಎತ್ತರ ಹೆಚ್ಚಿಲ್ಲ. ಮುಂದೆ ಜೋಗದಲ್ಲಿ ಗರ್ಜಿಸುವ ಅದೇ ಶರಾವತಿ ಇಲ್ಲಿ ಇನ್ನೂ ಹುಡುಗಿ.

ಮೊಬೈಲ್ ಇದ್ದವರಿಗೆ

ಕತ್ತಲ ಕಾಡನ್ನು ನೋಡಿದ ಮೊಬೈಲ್ ‘ಬೆಳಕು ಸಾಲದು’ ಅಂದುಕೊಂಡು ಫೋಟೊ ಬೆಳ್ಳಗೆ ಮಾಡುತ್ತದೆ. ಬಲಿಯಾಗುವುದು ನೀರು. ಪರದೆಯ ಮೇಲೆ ನೀರು ಇರುವ ಜಾಗವನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತದೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯುತ್ತಾ, ನೊರೆಯಲ್ಲಿ ಎಳೆ ಕಾಣುವವರೆಗೆ ಕತ್ತಲು ಮಾಡಬೇಕು. ಕಾಡು ಸ್ವಲ್ಪ ಕಪ್ಪಾದರೂ ಪರವಾಗಿಲ್ಲ. ಕಪ್ಪಾದದ್ದನ್ನು ಆಮೇಲೆ ಎತ್ತಬಹುದು, ಪೂರ್ತಿ ಬಿಳಿಯಾಗಿ ಹೋದ ನೀರನ್ನು ಯಾವ ಆ್ಯಪ್ ಕೂಡ ವಾಪಸ್ ತರಲ್ಲ.

ಫ್ಲ್ಯಾಶ್ ಬಂದ್ ಮಾಡಿರಲೇಬೇಕು. ‘ಆಟೊ’ದಲ್ಲಿ ಬಿಟ್ಟರೆ ಮಂಜಿನ ದಿನ ಅದು ತಾನೇ ಹೊತ್ತಿಕೊಂಡು, ಎದುರಿನ ಹನಿಗಳೆಲ್ಲ ಬಿಳಿ ಬಿಳಿ ಗೋಲಿಗಳಂತೆ ಬರುತ್ತವೆ. ಐಫೋನ್‌ನಲ್ಲಿ ಲೈವ್ ಫೋಟೊ ತೆಗೆದು ಆಮೇಲೆ ‘ಲಾಂಗ್ ಎಕ್ಸ್‌ಪೋಷರ್’ ಆರಿಸಿದರೆ ರೇಷ್ಮೆಯ ನೀರು ಸಿಗುತ್ತದೆ. ಆಂಡ್ರಾಯ್ಡ್‌ನ ಬಹಳಷ್ಟು ಮೊಬೈಲ್‌ಗಳಲ್ಲಿ ‘ಪ್ರೊ’ ಮೋಡ್ ಇದ್ದು ಶಟರ್ ವೇಗ ಕೈಯಲ್ಲೇ ಇಡಬಹುದು. ಆಗ ಮೊಬೈಲ್ ಅಲ್ಲಾಡಬಾರದು: ಬಂಡೆ, ಚೀಲ, ಮರದ ಕೊಂಬೆ ಯಾವುದಾದರೂ ಆಸರೆ ಬೇಕು, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಬೇಕು. ಬೆರಳಿನಿಂದ ಎಳೆದು ಜೂಮ್ ಮಾಡುವುದರ ಬದಲು ಆಮೇಲೆ ಕತ್ತರಿಸಿಕೊಳ್ಳುವುದು ಮೇಲು. ಇನ್ನೊಂದು ಸಣ್ಣ ವಿಷಯ, ಆದರೆ ನೂರಕ್ಕೆ ತೊಂಬತ್ತು ಮಂಕು ಫೋಟೊಗಳ ಮೂಲ ಅದೇ: ಜೇಬಿನಿಂದ ತೆಗೆದ ಮೊಬೈಲ್‌ನ ಲೆನ್ಸ್ ಒರೆಸುವುದು.

ಬಂಡೆ, ನೀರು, ಕಾಡು ಅಷ್ಟೇ ಇದ್ದರೆ ಎತ್ತರ ಎಷ್ಟು ಅಂತ ನೋಡುವವರಿಗೆ ಅಂದಾಜಾಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ಕೆಂಪೋ ಹಳದಿಯೋ ಕೊಡೆ ಹಿಡಿದ ಒಬ್ಬರು ಸಣ್ಣದಾಗಿ ಕಂಡರೆ ಸಾಕು. ಹಸಿರಿನ ನಡುವೆ ಆ ಬಣ್ಣ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ.

ಕ್ಯಾಮೆರಾ ಇದ್ದವರಿಗೆ ಅಂಕಿ

ಐಎಸ್‌ಒ 100, ಅಪರ್ಚರ್ ಎಫ್ 11 ಅಂತ ಇಟ್ಟುಕೊಂಡರೆ, ತೆರೆದ ಜಾಗದಲ್ಲಿ ಮೋಡದ ದಿನ ಶಟರ್ ಸುಮಾರು 1/30 ಬರುತ್ತದೆ. ದಟ್ಟ ಕಾಡಿನ ನೆರಳಲ್ಲಿ 1/4. ನಡು ಮಧ್ಯಾಹ್ನದ ಬಿಸಿಲಲ್ಲಿ 1/250. ನೀರು ನಯವಾಗಿ ಕಾಣಲು 1/4ರಿಂದ 1 ಸೆಕೆಂಡ್ ಬೇಕು. ಅಂದರೆ ಹಿಡ್ಲುಮನೆಯಂಥ ಕಾಡಿನಲ್ಲಿ ಯಾವ ಫಿಲ್ಟರ್ ಕೂಡ ಬೇಡ, ಟ್ರೈಪಾಡ್ ಇದ್ದರೆ ಸಾಕು. ತೆರೆದ ಜಾಗದಲ್ಲಿ ಮೂರು ಸ್ಟಾಪ್ ತಗ್ಗಿಸುವ ಎನ್‌ಡಿ 8 ಫಿಲ್ಟರ್ ಹಾಕಿದರೆ 1/30 ಇದ್ದದ್ದು 1/4ಕ್ಕೆ ಇಳಿಯುತ್ತದೆ. ಬಿಸಿಲಲ್ಲಿ ಅದೇ ಕೆಲಸಕ್ಕೆ ಆರು ಸ್ಟಾಪ್‌ನ ಎನ್‌ಡಿ 64 ಬೇಕು. ಫಿಲ್ಟರ್ ಇಲ್ಲ ಅಂತ ಎಫ್ 22ಕ್ಕೆ ಹೋದರೆ ಬೆಳಕು ಬಾಗಿ ಫೋಟೊ ಮೆತ್ತಗಾಗುತ್ತದೆ.

ಒಂದೇ ಫಿಲ್ಟರ್‌ಗೆ ದುಡ್ಡು ಇದೆ ಅಂದರೆ ಪೋಲರೈಸರ್ ಕೊಳ್ಳುವುದು ಒಳ್ಳೆಯದು. ಒದ್ದೆ ಎಲೆ, ಒದ್ದೆ ಬಂಡೆಯ ಮೇಲಿನ ಬಿಳಿ ಹೊಳಪನ್ನು ತೆಗೆದು ಒಳಗಿನ ನಿಜವಾದ ಬಣ್ಣ ತೋರಿಸುವುದು ಅದೊಂದೇ, ಎಡಿಟಿಂಗ್‌ನಲ್ಲಿ ಇದನ್ನು ಮಾಡಲು ಬರುವುದಿಲ್ಲ. ಜೊತೆಗೆ ಒಂದೂವರೆ, ಎರಡು ಸ್ಟಾಪ್ ಬೆಳಕೂ ತಗ್ಗುತ್ತದೆ. ಫೋಟೊ ‘ರಾ’ ಫೈಲ್‌ನಲ್ಲಿ ತೆಗೆದು, ನೀರು ಬಿಳಿಚಿಕೊಳ್ಳುತ್ತಿದ್ದರೆ ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಕೆಳಗಿಡಬೇಕು. ಮತ್ತೆ ಮನೆಗೆ ಬಂದು ಹಸಿರನ್ನು ಗಿಳಿಹಸಿರು ಮಾಡುವ ಆಸೆಯನ್ನು ತಡೆದುಕೊಂಡರೆ ಮಲೆನಾಡು ಮಲೆನಾಡಿನಂತೆಯೇ ಉಳಿಯುತ್ತದೆ.

ಲೆನ್ಸ್‌ಗೆ ಬೂಸ್ಟು

ಮಳೆಗಾಲ ಮುಗಿಯುವ ಹೊತ್ತಿಗೆ ಈ ಭಾಗದಲ್ಲಿ ಬೂಸ್ಟು ಹಿಡಿಯದ ವಸ್ತು ಕಡಿಮೆ: ಬೆಲ್ಟು, ಚಪ್ಪಲಿ, ಪುಸ್ತಕ, ಕೊನೆಗೆ ಲೆನ್ಸ್ ಕೂಡ. ಒಳಗೆ ಜೇಡರ ಬಲೆಯಂತೆ ಹರಡಿದ ಫಂಗಸ್ ಗಾಜಿನ ಲೇಪವನ್ನೇ ತಿಂದುಹಾಕುತ್ತದೆ. ಒದ್ದೆಯಾದ ಕ್ಯಾಮೆರಾವನ್ನು ಹಾಗೇ ಚೀಲದೊಳಗೆ ಮುಚ್ಚಿಡುವುದು ಅದಕ್ಕೆ ಆಹ್ವಾನ ಕೊಟ್ಟಂತೆ. ಒರೆಸಿ, ಗಾಳಿಗೆ ಇಟ್ಟು, ಆಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಅಕ್ಕಿ ಡಬ್ಬಿಯೊಳಗೆ ಇಡುವ ಪದ್ಧತಿ ಬಿಡುವುದು ಒಳ್ಳೆಯದು, ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ಅಬ್ಬಿಯ ಎದುರು ಹನಿ ಹಾರುವಾಗ ಲೆನ್ಸ್ ಕೆಳಮುಖ ಇಟ್ಟುಕೊಂಡು, ತೆಗೆಯುವ ಕ್ಷಣಕ್ಕೆ ಮಾತ್ರ ಎತ್ತಬೇಕು. ಹತ್ತಿಯ ಎರಡು ಒಣ ಬಟ್ಟೆ ಸಾಲದು, ನಾಲ್ಕು ಬೇಕು.

ಉಂಬಳಕ್ಕೆ ಊರಿನವರ ಔಷಧಿಯೇ ಸಾಕು: ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು. ಟ್ರೈಪಾಡ್ ಹಿಂದೆ ಬಗ್ಗಿ ನಿಂತವರ ಕಾಲು ಅವಕ್ಕೆ ಬಹಳ ಇಷ್ಟ.

ಜೀವ ಹೋದ ಮೇಲೆ ವ್ಯೂಸ್ ಬಂದರೇನು

2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದ ಎದುರು ಬಂಡೆಯ ಮೇಲೆ ನಿಂತಿದ್ದ ನಮ್ಮದೇ ಜಿಲ್ಲೆಯ ಯುವಕನೊಬ್ಬ, ಗೆಳೆಯ ವಿಡಿಯೊ ಮಾಡುತ್ತಿರುವಾಗಲೇ ಕಾಲು ಜಾರಿ ನೀರಿಗೆ ಬಿದ್ದ. ದೇಹ ಸಿಗಲು ದಿನಗಟ್ಟಲೆ ಹುಡುಕಬೇಕಾಯಿತು. ಆ ವಿಡಿಯೊವನ್ನು ಆ ವಾರ ಜಿಲ್ಲೆಯಲ್ಲಿ ನೋಡದವರಿಲ್ಲ. ಅದರಲ್ಲಿ ಹುಚ್ಚು ಸಾಹಸ ಏನೂ ಇರಲಿಲ್ಲ. ಸುಮ್ಮನೆ ನಿಂತು ನೀರು ನೋಡುತ್ತಿದ್ದ, ಅಷ್ಟೆ.

ಪಾಚಿ ಹಿಡಿದ ಒದ್ದೆ ಬಂಡೆಯ ಮೇಲೆ ಯಾವ ಕಂಪನಿಯ ಶೂ ಕೂಡ ನಿಲ್ಲುವುದಿಲ್ಲ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಹೆಜ್ಜೆ ಹಿಂದಿಡುವುದು, ಮೊಬೈಲ್ ನೋಡುತ್ತಾ ಪಕ್ಕಕ್ಕೆ ಸರಿಯುವುದು ಎರಡೂ ಬೇಡ. ಮೊದಲು ನಿಲ್ಲುವ ಜಾಗ ನೋಡಿ, ಕಾಲೂರಿ, ಆಮೇಲೆ ಕ್ಯಾಮೆರಾ ಎತ್ತಬೇಕು. ಅಂಚಿನಿಂದ ಕನಿಷ್ಠ ಒಂದಾಳುದ್ದ ದೂರ. ನಿಂತ ಕಡೆ ಮಳೆ ಇಲ್ಲದಿದ್ದರೂ ಮೇಲಿನ ಗುಡ್ಡದಲ್ಲಿ ಹೊಯ್ದರೆ ಹಳ್ಳ ನಿಮಿಷಗಳಲ್ಲಿ ಏರುತ್ತದೆ. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಸದ್ದಿನ ಧಾಟಿ ಬದಲಾದರೆ ಟ್ರೈಪಾಡ್ ಅಲ್ಲೇ ಬಿಟ್ಟಾದರೂ ಮೇಲೆ ಹತ್ತಬೇಕು. ಕಾಲುಸಂಕ ದಾಟಿ ಹೋಗಿದ್ದರೆ ವಾಪಸ್ ಬರುವ ದಾರಿಯೂ ಮುಳುಗಬಹುದು ಅನ್ನುವುದು ತಲೆಯಲ್ಲಿರಬೇಕು. ಡ್ಯಾಂ ಗೇಟ್ ತೆಗೆಯುವ ಮುಂಚೆ ನದಿ ಪಾತ್ರದವರಿಗೆ ಕೊಡುವ ಎಚ್ಚರಿಕೆ ಫೋಟೊ ತೆಗೆಯುವವರಿಗೂ ಅನ್ವಯ.

ಡ್ರೋನ್ ಬಗ್ಗೆ ಸ್ಟುಡಿಯೊದವರು ಕೇಳುವುದು ಜಾಸ್ತಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ಮೀರಿದ ಡ್ರೋನ್‌ಗೆ ನೋಂದಣಿ ಸಂಖ್ಯೆ ಬೇಕು. ದುಡ್ಡಿಗಾಗಿ ಹಾರಿಸುವುದಾದರೆ ಪೈಲಟ್ ಪ್ರಮಾಣಪತ್ರವೂ ಬೇಕಾಗುತ್ತದೆ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಡ್ಯಾಂ, ವಿದ್ಯುದಾಗಾರದ ಸುತ್ತಮುತ್ತ ಹಾರಿಸುವ ಯೋಚನೆಯನ್ನೇ ಬಿಡಬೇಕು. ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಕೊಡುವ ವ್ಯವಸ್ಥೆ 2024ರಲ್ಲಿ ಬಂದಿದೆ. ಯಾವ ದಾರಿ ತೆರೆದಿದೆ ಅನ್ನುವುದು ಮಳೆಯ ಮೇಲೆ ಬದಲಾಗುತ್ತಿರುತ್ತದೆ, ಹೊರಡುವ ದಿನವೇ ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡುವುದು ಕ್ಷೇಮ.

ಅಂಗಡಿ ಬೋರ್ಡಿಗೆ, ಹೋಮ್‌ಸ್ಟೇ ಜಾಹೀರಾತಿಗೆ

ಗೂಗಲ್‌ನಿಂದ ಇಳಿಸಿಕೊಂಡ ಜೋಗದ ಫೋಟೊವನ್ನು ಕ್ಯಾಲೆಂಡರ್, ಫ್ಲೆಕ್ಸ್, ಸ್ವೀಟ್ ಡಬ್ಬಿಯ ಮೇಲೆ ಹಾಕಿಸುವುದು ಇಲ್ಲಿ ಮಾಮೂಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಫೋಟೊಗೆ ಒಡೆಯರು ಇರುತ್ತಾರೆ. ಪ್ರಕಟವಾದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಫೋಟೊಗ್ರಾಫರ್‌ಗೆ ದುಡ್ಡು ಕೊಟ್ಟು ತೆಗೆಸಿದ್ದಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ತೆಗೆಸಿದವರದ್ದು. ಹಾಗಾಗಿ ತಾಲೂಕಿನ ಸ್ಟುಡಿಯೊದವರಿಂದಲೇ ಒಮ್ಮೆ ತೆಗೆಸಿಟ್ಟುಕೊಂಡು, ನಾಲ್ಕು ಸಾಲಿನ ಬರಹ ಮಾಡಿಕೊಂಡರೆ ವರ್ಷಾನುಗಟ್ಟಲೆ ತಲೆನೋವಿಲ್ಲ.

ಗೋಡೆಗೆ ಹಾಕುವ 12×18 ಇಂಚಿನ ಒಳ್ಳೆಯ ಪ್ರಿಂಟ್‌ಗೆ 300 ಡಿಪಿಐ ಲೆಕ್ಕದಲ್ಲಿ ಸುಮಾರು 19 ಮೆಗಾಪಿಕ್ಸೆಲ್ ಬೇಕಾಗುತ್ತದೆ. ದೂರದಿಂದ ನೋಡುವ ಫ್ಲೆಕ್ಸ್‌ಗೆ ಅಷ್ಟು ಬೇಡ. 72 ಡಿಪಿಐ ಸಾಕು ಅಂದರೆ 12 ಮೆಗಾಪಿಕ್ಸೆಲ್‌ನ ಮೊಬೈಲ್ ಫೋಟೊ ನಾಲ್ಕೂವರೆ ಅಡಿ ಅಗಲದವರೆಗೆ ಬರುತ್ತದೆ. ಪ್ರಿಂಟಿಂಗ್‌ನವರಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಕುಗ್ಗಿ ಹೋಗುತ್ತದೆ, ‘ಡಾಕ್ಯುಮೆಂಟ್’ ಅಂತ ಕಳಿಸಬೇಕು.

ಜಾಹೀರಾತಿನಲ್ಲಿ ಹಾಕುವ ಜಲಪಾತದ ಫೋಟೊ ಕೆಳಗೆ ‘ಸೆಪ್ಟೆಂಬರ್‌ನಲ್ಲಿ ತೆಗೆದದ್ದು’ ಅಂತ ಒಂದು ಸಾಲು ಇದ್ದರೆ ಏಪ್ರಿಲ್‌ನಲ್ಲಿ ಬಂದವರು ಜಗಳಕ್ಕೆ ನಿಲ್ಲುವುದಿಲ್ಲ. ಅದೇ ಪುಟದಲ್ಲಿ ಬೇಸಿಗೆಯ ಒಂದು ಫೋಟೊವನ್ನೂ ಹಾಕಬಹುದು. ನೀರು ಇಲ್ಲದಾಗ ಬಯಲಾಗುವ ಜೋಗದ ಆ ಬಂಡೆಯ ಗೋಡೆ, ಸಂಜೆಯ ಓರೆ ಬಿಸಿಲು ಬಿದ್ದಾಗ ಅದರಲ್ಲೇಳುವ ಪದರ ಪದರದ ನೆರಳು, ಮಳೆಗಾಲದಲ್ಲಿ ಬರುವವರಿಗೆ ಸಿಗುವುದೇ ಇಲ್ಲ.